ಅಡುಗೆಯವಳು ಎಲ್ಲಿ?

ಆ ಮುದ್ರಣಾಲಯದಲ್ಲಿ ಕರಡು ತಿದ್ದುವ ಹೆಂಗಸಿಗೆ ಕಾಗುಣಿತಮ್ಮ ಎಂದು ಹೆಸರಿಟ್ಟವರು ಯಾರೋ, ಎದುರಿಗೆ ಹಾಗೆ ಕರೆಯುವ ಧೈರ್ಯ ಮಾತ್ರ ಅವರು ಯಾವತ್ತೂ ಮಾಡಲಿಲ್ಲ. ಎದುರಿಗೆ ಆಕೆ ಎಲ್ಲರಿಗೂ ಮೇಡಂ. ಸಿಟ್ಟು ಮೂಗಿನ ತುದಿಯಲ್ಲೇ, ಕನ್ನಡಕಕ್ಕಿಂತ ಚೂರು ಮುಂದೆಯೇ ಇರುತ್ತಿತ್ತು. ದಿನಕ್ಕೆ ಎಂಟು ಗಂಟೆ ಬೇರೆಯವರ ತಪ್ಪುಗಳನ್ನೇ ನೋಡುತ್ತಾ ಕೂತವಳಿಗೆ ಸಮಾಧಾನ ಎಲ್ಲಿಂದ ಬರಬೇಕು ಹೇಳಿ. ಇಪ್ಪತ್ತೆಂಟು ವರ್ಷದಿಂದ ಅವಳು ಕೂತಿದ್ದ ಕೋಣೆಗೆ ಒಂದೇ ಕಿಟಕಿ, ಅದನ್ನು ತೆರೆದರೆ ಪಕ್ಕದ ಕಟ್ಟಡದ ಗೋಡೆ. ಮೆಷಿನ್ ಓಡತೊಡಗಿದರೆ ಮೇಜು ನಡುಗುತ್ತಿತ್ತು, ಅದಕ್ಕೆಂದೇ ಒಂದು ಕಾಲಿನ ಕೆಳಗೆ ಕಾಗದ ಮಡಚಿ ಇಟ್ಟಿದ್ದಳು.

ಅವಳ ಕೆಲಸಕ್ಕೆ ಎರಡು ಕಟ್ಟುಪಾಡು. ಒಂದು ಅವಳೇ ಹಾಕಿಕೊಂಡದ್ದು: ತಿದ್ದುವುದು ತನ್ನ ಕೆಲಸ, ಬರೆಯುವುದು ಬರೆದವರದ್ದು. ಅಷ್ಟು ವರ್ಷದಲ್ಲಿ ಯಾರ ಪುಸ್ತಕದೊಳಗೂ ಅವಳು ತನ್ನದೊಂದು ಪದ ಸೇರಿಸಿರಲಿಲ್ಲ. ಅನುಮಾನ ಬಂದರೆ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಪ್ರಶ್ನೆ ಬರೆದು ಸುತ್ತ ಗೆರೆ ಎಳೆಯುತ್ತಿದ್ದಳು. ಇನ್ನೊಂದು, ಮಾಲೀಕರ ತಂದೆ ಮಾಡಿಟ್ಟದ್ದು. ಹಿಂದೊಮ್ಮೆ ಶ್ರದ್ಧಾಂಜಲಿಯ ಹಾಳೆಯಲ್ಲಿ ಬದುಕಿದ್ದವರೊಬ್ಬರ ಫೋಟೋ ಅಚ್ಚಾಗಿ, ಆ ಮನುಷ್ಯ ಖುದ್ದಾಗಿ ಬಂದು ಬಾಗಿಲಲ್ಲಿ ನಿಂತ ಮೇಲೆ, ಕರಡು ತಿದ್ದುವವರು ‘ಅಚ್ಚಿಗೆ ಹೋಗಲಿ’ ಎಂದು ಬರೆದು ಸಹಿ ಹಾಕದೆ ಒಂದು ಪುಟವೂ ಮೆಷಿನ್ ಹತ್ತಬಾರದು ಎಂದು ಅವರು ಕಟ್ಟಪ್ಪಣೆ ಮಾಡಿದ್ದರು.

ಮುದ್ರಣಾಲಯದ ಅನ್ನ ಬೇಯುತ್ತಿದ್ದುದು ‘ಶಾಪಕಣಿವೆ’ ಎಂಬ ಕಾದಂಬರಿ ಮಾಲೆಯಿಂದ. ವರ್ಷಕ್ಕೊಂದು ಭಾಗ. ಬರೆಯುವವರು ನಿವೃತ್ತ ಗಣಿತದ ಮೇಷ್ಟ್ರು. ಮೂವತ್ತನೇ ಪುಟ ದಾಟುವುದರೊಳಗೆ ಯಾರಿಗಾದರೂ ರೆಕ್ಕೆ ಮೂಡಿಸದೆ ಅವರಿಗೆ ನಿದ್ದೆ ಬರುತ್ತಿರಲಿಲ್ಲವಾದ್ದರಿಂದ ಮೆಷಿನ್ನಿನವರೆಲ್ಲ ಅವರನ್ನು ರೆಕ್ಕೆ ಮೇಷ್ಟ್ರು ಎನ್ನುತ್ತಿದ್ದರು. ರಾಜಕುಮಾರನ ಸೋದರಮಾವ ಮಕರವಾಗಿ ಕೊಳದ ತಳ ಸೇರಿದ್ದ. ಸೇನಾಪತಿ ರೆಕ್ಕೆಯ ಕುದುರೆಯಾಗಿದ್ದ. ಮಂತ್ರಿಯ ನಾಯಿಗೂ ಎರಡು ತಲೆ ಬಂದಿತ್ತು. ಜನ ಮುಗಿಬಿದ್ದು ಓದುತ್ತಿದ್ದರು. ಕಾಗುಣಿತಮ್ಮನೂ ಓದುತ್ತಿದ್ದಳು, ಬೈಯುತ್ತಾ ಓದುತ್ತಿದ್ದಳು, ಆದರೆ ಓದುತ್ತಿದ್ದಳು.

ಭಾನುವಾರ ಮಧ್ಯಾಹ್ನ ಹಳೇ ಕರಡನ್ನು ಮನೆಯಲ್ಲಿ ಅಕ್ಕನಿಗೆ ಗಟ್ಟಿಯಾಗಿ ಓದಿ ಹೇಳುವುದು ರೂಢಿ. ಅಕ್ಕ ಅವಳಿಗಿಂತ ಆರು ವರ್ಷ ದೊಡ್ಡವಳು. ಅಕ್ಕನ ಹದಿನಾಲ್ಕನೇ ವಯಸ್ಸಿನಲ್ಲಿ ಅಮ್ಮ ಹಾಸಿಗೆ ಹಿಡಿದಾಗ, ಅಮ್ಮ ಅಡುಗೆ ಮಾಡುತ್ತಿದ್ದ ವಿದ್ಯಾರ್ಥಿನಿಲಯಕ್ಕೆ ಅವಳ ಬದಲು ಒಂದು ವರ್ಷದ ಮಟ್ಟಿಗೆ ಹೋಗಿ ಬಾ ಎಂದು ಅಕ್ಕನನ್ನು ಶಾಲೆ ಬಿಡಿಸಿ ಕಳಿಸಿದ್ದರು. ಆ ವರ್ಷ ಮುಗಿಯುವುದಕ್ಕೆ ನಲವತ್ತನಾಲ್ಕು ವರ್ಷ ಹಿಡಿಯಿತು. ಮುನ್ನೂರು ಹುಡುಗಿಯರ ಊಟ, ಎರಡು ಹೊತ್ತು. ತಂಗಿ ಓದಿದ್ದು ಆ ಒಲೆಯ ಬೆಂಕಿಯಲ್ಲೇ. ಈಗ ಎರಡು ವರ್ಷದಿಂದ ಅಕ್ಕ ಮನೆಯಲ್ಲಿದ್ದಳು, ಮುಂಗೈ ತುಂಬ ಸುಟ್ಟ ಕಲೆ, ಮಂಡಿ ಎರಡೂ ಕೈಕೊಟ್ಟಿದ್ದವು. ಬೆಳಿಗ್ಗೆ ಎದ್ದು ತಂಗಿಯ ಊಟದ ಡಬ್ಬಿ ಕಟ್ಟಿ, ಆಮೇಲೆ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು.

ಹತ್ತು ವರ್ಷದ ಹಿಂದೆ ಒಂದು ಭಾನುವಾರ ನಾಲ್ಕನೇ ಭಾಗ ಓದುತ್ತಿದ್ದಾಗ ಹೀಗಾಯಿತು. ಶತ್ರುಗಳು ಅರಮನೆಗೆ ಮುತ್ತಿಗೆ ಹಾಕಿದ್ದಾರೆ, ರಾಜಕುಮಾರನಿಗೆ ಬೆಟ್ಟ ದಾಟಬೇಕು, ಕುದುರೆ ಇಲ್ಲ. ಆಗ ಅರಮನೆಯ ಅಡುಗೆಯವಳೊಬ್ಬಳು ಪಾತ್ರೆ ತೊಳೆದ ನೀರು ಚೆಲ್ಲಲು ಹಿತ್ತಲಿಗೆ ಬರುತ್ತಾಳೆ. ರಾಜಕುಮಾರನ ಜೊತೆಗಿದ್ದ ಮಾಂತ್ರಿಕ ಅವಳ ಮೇಲೆ ಮಂತ್ರಿಸಿದ ನೀರು ಚಿಮುಕಿಸುತ್ತಾನೆ. ಅವಳು ಶರಭವಾಗುತ್ತಾಳೆ: ಸಿಂಹದ ಮೈ, ಹಕ್ಕಿಯ ರೆಕ್ಕೆ, ಎಂಟು ಕಾಲು. ರಾಜಕುಮಾರ ಹತ್ತಿ ಕೂರುತ್ತಾನೆ, ಬೆಟ್ಟ ದಾಟುತ್ತಾನೆ, ಶರಭವನ್ನು ಮರಕ್ಕೆ ಕಟ್ಟಿ ಮಲಗುತ್ತಾನೆ. ಅಧ್ಯಾಯ ಮುಗಿಯಿತು.

ಅಕ್ಕ ಕಾಲು ನೀವಿಕೊಳ್ಳುತ್ತಾ, “ಆಮೇಲೆ ಅವಳು ಏನಾದ್ಲು?” ಎಂದಳು.

“ಯಾರು?”

“ಅದೇ, ಅಡುಗೆಯೋಳು. ವಾಪಸ್ ಮನುಷ್ಯಳಾದ್ಲಾ?”

ಕಾಗುಣಿತಮ್ಮ ಪುಟ ತಿರುಗಿಸಿದಳು. ಕೊನೆಯವರೆಗೂ ತಿರುಗಿಸಿದಳು. ಅಡುಗೆಯವಳ ಸುದ್ದಿಯೇ ಇಲ್ಲ. ಇಷ್ಟು ದೊಡ್ಡ ತಪ್ಪು ತನ್ನ ಕಣ್ಣು ತಪ್ಪಿಸಿ ಅಚ್ಚಾಗಿ ಹೋಯಿತಲ್ಲ ಎಂದು ಮೈಯೆಲ್ಲ ಉರಿದುಹೋಯಿತು ಅವಳಿಗೆ.

ಐದನೇ ಭಾಗದ ಕರಡು ಬಂದಾಗ ಮೊದಲ ಪುಟದ ಅಂಚಿನಲ್ಲೇ ಬರೆದಳು: ‘ಅಡುಗೆಯವಳು ಎಲ್ಲಿ?’ ಮೇಷ್ಟ್ರು ಪಕ್ಕದಲ್ಲಿ ‘ಮುಂದಿನ ಭಾಗದಲ್ಲಿ ನೋಡೋಣ’ ಎಂದು ಬರೆದು ಕಳಿಸಿದರು. ಆರನೇ ಭಾಗದಲ್ಲಿ ರಾಜಕುಮಾರ ಶರಭದ ಮೇಲೆ ಕೂತು ಸಮುದ್ರ ದಾಟಿದ. ಮತ್ತೆ ಬರೆದಳು. ‘ಯಾರಿಗೆ ನೆನಪಿದೆ!’ ಎಂದು ಉತ್ತರ ಬಂತು. ಏಳನೇ ಭಾಗದಿಂದ ಅವರು ಉತ್ತರ ಕೊಡುವುದನ್ನೂ ಬಿಟ್ಟು ಪ್ರಶ್ನೆಯ ಮೇಲೆ ಅಡ್ಡಗೆರೆ ಎಳೆಯತೊಡಗಿದರು. ಒಂಬತ್ತನೆಯದಕ್ಕೆ ಬರುವಷ್ಟರಲ್ಲಿ ‘ಅವಳು’ ಹೋಗಿ ‘ಅದು’ ಆಗಿತ್ತು. ರಾಜಕುಮಾರ ‘ಅದರ’ ಪಕ್ಕೆಗೆ ಒದೆಯುತ್ತಿದ್ದ. ಪ್ರತಿ ವರ್ಷ ಇವಳು ಅದೇ ಪ್ರಶ್ನೆ ಬರೆಯುವುದು, ಅವರು ಗೆರೆ ಎಳೆಯುವುದು. ಪ್ರತಿ ವರ್ಷ ಅಕ್ಕ ಕೇಳುವುದು, “ಬಿಡಿಸಿದ್ರಾ ಅವಳನ್ನ?”

ಹದಿನಾಲ್ಕನೆಯದು ಕೊನೆಯ ಭಾಗ. ಅದರ ಕರಡು ಮೇಜಿಗೆ ಬಂದ ದಿನ ಕಾಗುಣಿತಮ್ಮ ಡಬ್ಬಿಯನ್ನೂ ಬಿಚ್ಚದೆ ಓದಿದಳು. ಎಲ್ಲರ ಶಾಪವೂ ಕಳೆಯಿತು. ಸೋದರಮಾವ ಕೊಳದಿಂದೆದ್ದು ಬಂದ, ಮೂರು ಪುಟ. ಸೇನಾಪತಿಯ ಹೆಂಡತಿ ಅವನನ್ನು ಗೊರಸಿನ ಗುರುತಿನಿಂದ ಕಂಡುಹಿಡಿದು ಅತ್ತಳು, ನಾಲ್ಕು ಪುಟ. ಮಂತ್ರಿಯ ನಾಯಿಗೆ ಒಂದು ತಲೆ ಹೋಯಿತು, ಒಂದೂವರೆ ಪುಟ. ಆಮೇಲೆ ಪಟ್ಟಾಭಿಷೇಕ. ಅಲ್ಲಿ ಈ ಸಾಲು: ‘ಹೆಬ್ಬಾಗಿಲಲ್ಲಿ ಶರಭವನ್ನು ಹಗ್ಗದಿಂದ ಬಿಗಿದು ಕಟ್ಟಿದ್ದರು, ಮಕ್ಕಳು ನೋಡಿ ಚಪ್ಪಾಳೆ ತಟ್ಟಿದರು.’ ಅದಾದ ಮೇಲೆ ಎಲ್ಲರೂ ಸುಖವಾಗಿದ್ದರು.

ಕಾಗುಣಿತಮ್ಮ ಪೆನ್ನಿನ ಮುಚ್ಚಳ ಹಾಕಿದಳು. ಮೆಷಿನ್ನಿನವನು ಮೂರು ಸಲ ಬಂದು ಇಣುಕಿದ. ನಾಲ್ಕನೇ ಸಲ ಮಾಲೀಕರನ್ನೇ ಕರೆದುಕೊಂಡು ಬಂದ.

“ಮೇಡಂ, ಸಹಿ ಒಂದು ಹಾಕಿಬಿಡಿ. ಅಂಗಡಿಯವರು ನನ್ನ ಪ್ರಾಣ ತಿಂತಿದ್ದಾರೆ.”

“ಹಾಕಲ್ಲ.”

“ಏನ್ ತಪ್ಪಿದೆ ಹೇಳಿ, ತಿದ್ದಿಸೋಣ.”

“ಒಬ್ಬಳು ಹೆಂಗಸನ್ನ ಬಾಗಿಲಿಗೆ ಕಟ್ಟಿಹಾಕಿ ಪುಸ್ತಕ ಮುಗಿಸಿದಾರೆ. ಅವರನ್ನೇ ಕರೆಸಿ.”

ಮಾಲೀಕರು ಗೊಣಗಿದರು, ಬೇಡಿಕೊಂಡರು, ಕೊನೆಗೆ ತಾವೇ ಸಹಿ ಹಾಕುವುದಾಗಿ ಹೆದರಿಸಿದರು. “ಹಾಕಿ,” ಎಂದಳು. “ನಿಮ್ಮ ತಂದೆಯವರ ಫೋಟೋ ಎದುರುಗಡೆ ನಿಂತು ಹಾಕಿ.” ಅವರು ತಲೆ ಕೆರೆದುಕೊಂಡು ಮೇಷ್ಟ್ರಿಗೆ ಫೋನ್ ಮಾಡಲು ಹೋದರು.

ಮೇಷ್ಟ್ರು ಮಧ್ಯಾಹ್ನ ಮೂರಕ್ಕೆ ಬಂದರು, ಮುಖ ಗಂಟು ಹಾಕಿಕೊಂಡು. “ಏನಮ್ಮಾ ನಿಮ್ಮ ತಕರಾರು? ಯಾವ ಅಡುಗೆಯವಳು?”

ಅವರು ನಾಟಕ ಮಾಡುತ್ತಿರಲಿಲ್ಲ. ವರ್ಷ ವರ್ಷ ಪ್ರಶ್ನೆಯ ಮೇಲೆ ಗೆರೆ ಎಳೆದಿದ್ದರೂ ಅದು ಯಾರ ಬಗ್ಗೆ ಎಂದು ನಿಜವಾಗಿಯೂ ಅವರಿಗೆ ನೆನಪಿರಲಿಲ್ಲ. ಕಾಗುಣಿತಮ್ಮ ನಾಲ್ಕನೇ ಭಾಗ ತೆಗೆದು ನೂರಾ ಹನ್ನೆರಡನೇ ಪುಟ ಬಿಡಿಸಿ ಅವರ ಮುಂದೆ ಬಡಿದಳು.

“ಓ, ಇವಳಾ! ಅವತ್ತು ರಾಜಕುಮಾರನಿಗೆ ಒಂದು ವಾಹನ ಬೇಕಿತ್ತಮ್ಮ. ಯಾರಾದ್ರೂ ಆಗ್ತಿತ್ತು. ಇವಳು ಹತ್ತಿರ ಇದ್ಲು.”

“ಹತ್ತಿರ ಇದ್ಲು ಅಂತ ಹತ್ತು ವರ್ಷ ಸವಾರಿ ಮಾಡೋದಾ ಸರ್?”

“ಇದು ಕಥೆ!”

“ನಾಯಿಗೆ ಒಂದೂವರೆ ಪುಟ ಕೊಟ್ಟಿದೀರಿ. ಅದೂ ಕಥೇನೇ. ಸೇನಾಪತಿ ಸಾಹೇಬ್ರನ್ನ ಹೆಂಡತಿ ಗುರುತು ಹಿಡಿದ್ಲು. ಇವಳನ್ನ ಗುರುತು ಹಿಡಿಯೋರು ಯಾರೂ ಇರ್ಲಿಲ್ವಾ? ಅವಳಿಗೆ ಮನೆ ಇರ್ಲಿಲ್ವಾ? ಅವಳು ಬರದೇ ಇದ್ದ ರಾತ್ರಿ ಯಾರೂ ಬಾಗಿಲಲ್ಲಿ ಕಾಯ್ತಾ ಕೂತಿರ್ಲಿಲ್ವಾ?”

ಬಾಗಿಲ ಬಳಿ ನಿಂತಿದ್ದ ಮೆಷಿನ್ನಿನವನು ಮೆಲ್ಲಗೆ ಜಾಗ ಖಾಲಿ ಮಾಡಿದ. ಮೇಷ್ಟ್ರು ನೂರಾ ಹನ್ನೆರಡನೇ ಪುಟವನ್ನು ಮತ್ತೊಮ್ಮೆ ಓದಿದರು. ಕೆಟ್ಟ ಮನುಷ್ಯರೇನಲ್ಲ ಅವರು, ಅಡುಗೆಯವರ ಕಡೆ ತಲೆಯೆತ್ತಿ ನೋಡಿ ಅಭ್ಯಾಸವಿರಲಿಲ್ಲ, ಅಷ್ಟೆ. ಜೇಬಿನಿಂದ ಪೆನ್ನು ತೆಗೆದು, “ಸರಿ, ಬಿಡುಗಡೆ ಮಾಡೋಣ ಬಿಡಿ ನಿಮ್ಮ ಅಡುಗೆಯವಳನ್ನ,” ಎಂದು ಅಂಚಿನಲ್ಲಿ ಬರೆದರು: ‘ಕೊನೆಗೆ ಶರಭವೂ ಮನುಷ್ಯರೂಪ ಪಡೆಯಿತು. ಅಡುಗೆಯವಳು ಸಂತೋಷದಿಂದ ಅರಮನೆಯ ಅಡುಗೆಮನೆಗೆ ಮರಳಿ, ಪಟ್ಟಾಭಿಷೇಕದ ಔತಣಕ್ಕೆ ಒಲೆ ಹೊತ್ತಿಸಿದಳು.’

“ಆಯ್ತಾ?”

ಹತ್ತು ವರ್ಷ ಕೇಳಿದ್ದು ಸಿಕ್ಕಿತ್ತು. ಆದರೆ ಕಾಗುಣಿತಮ್ಮ ಸಹಿಗೆ ಪೆನ್ನು ಎತ್ತಲಿಲ್ಲ. ಫೋನ್ ತೆಗೆದು ಅಕ್ಕನಿಗೆ ಮಾಡಿದಳು. ಇದ್ದ ಸಾಲನ್ನು ಇದ್ದ ಹಾಗೆ ಓದಿ ಹೇಳಿದಳು.

ಅಕ್ಕ ಪೂರ್ತಿ ಕೇಳಿ, “ಸಂತೋಷದಿಂದ ಅಂತ ಅವಳು ಹೇಳಿದ್ಲಾ?” ಎಂದಳು.

“ಇಲ್ಲ ಅಕ್ಕ. ಇವರೇ ಬರೆದಿದ್ದು.”

“ಅವತ್ತೂ ಕೇಳ್ಲಿಲ್ಲ, ಇವತ್ತೂ ಕೇಳ್ಲಿಲ್ಲ. ರೆಕ್ಕೆ ಇರೋಳು ಯಾಕೆ ಹೋಗಿ ಮತ್ತೆ ಒಲೆ ಮುಂದೆ ಕೂರ್ಬೇಕು? ಅವಳು ಹಾಗೇ ಇರ್ಲಿ. ಹಗ್ಗ ಬಿಚ್ಚೋಕೆ ಹೇಳು ಪುಟ್ಟಿ. ಬೆನ್ನ ಮೇಲೆ ಯಾರನ್ನೂ ಹತ್ತಿಸ್ಬೇಡಿ ಅಂತ ಹೇಳು.”

ಕಾಗುಣಿತಮ್ಮ ಕೆಂಪು ಪೆನ್ನಿನಿಂದ ಮೇಷ್ಟ್ರು ಬರೆದದ್ದನ್ನು ಅವರ ಕಣ್ಣೆದುರೇ ಹೊಡೆದು ಹಾಕಿದಳು. ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. “ನಿಮಗೆ ತಲೆ ಸರಿಯಿದೆಯಾ? ಇಷ್ಟು ವರ್ಷ ಪೀಡಿಸಿದ್ದು ಇದಕ್ಕೇನಾ?” ಆಕೆ ಅಕ್ಕನ ಮಾತನ್ನು ಒಂದಕ್ಷರ ಬಿಡದೆ ಹೇಳಿದಳು. ಯಾರು ಹೇಳಿದ್ದು ಎಂದು ಅವರು ಕೇಳಿದರು. ನಲವತ್ತನಾಲ್ಕು ವರ್ಷ ಅಡುಗೆ ಮಾಡಿದವಳು ಎಂದಳು. ಮೇಷ್ಟ್ರು ಮತ್ತೆ ಕೂತರು. ಈ ಸಲ ನಿಧಾನವಾಗಿ ಬರೆದರು: ‘ಶರಭ ಹಗ್ಗ ಹರಿದುಕೊಂಡು ಮೇಲೆದ್ದಿತು. ಅದರ ಬೆನ್ನ ಮೇಲೆ ಯಾರೂ ಇರಲಿಲ್ಲ.’

“‘ಅದರ’ ಅಲ್ಲ ಸರ್.”

ಅವರು ‘ಅವಳ’ ಎಂದು ತಿದ್ದಿದರು, ‘ಮೇಲೆದ್ದಿತು’ ಇದ್ದದ್ದನ್ನು ‘ಮೇಲೆದ್ದಳು’ ಮಾಡಿದರು. ಆಕೆ ಸಹಿ ಹಾಕಿದಳು.

ಅವತ್ತು ಸಂಜೆ ಕಾಗುಣಿತಮ್ಮ ಮನೆಗೆ ನಡೆದು ಬಂದದ್ದು ಯುದ್ಧ ಗೆದ್ದವಳ ಹಾಗೆ. ಚಪ್ಪಲಿ ಬಿಡುವ ಮೊದಲೇ ಓದಿ ಹೇಳಿದಳು. ಅಕ್ಕ ಮಂಚದ ಮೇಲೆ ಒರಗಿಕೊಂಡು ಕೇಳಿದಳು, ಇನ್ನೊಂದು ಸಲ ಓದಿಸಿದಳು.

“ಹತ್ತು ವರ್ಷ ಜಗಳ ಆಡಿದೆ ಅವಳಿಗೋಸ್ಕರ,” ಎಂದಳು ಅಕ್ಕ.

“ಮತ್ತೆ? ಬಿಟ್ಟುಬಿಡ್ತೀನಾ ನಾನು?”

“ನನ್ನನ್ನ ಕಳಿಸೋವಾಗ ಒಂದು ವರ್ಷ ಅಂತಾನೇ ಹೇಳಿದ್ರು.”

ತಂಗಿ ನಗುತ್ತಿದ್ದವಳು ಹಾಗೇ ನಿಂತಳು. ಅಕ್ಕನ ದನಿ ಏರಲಿಲ್ಲ. ಆದರೆ ಅಂಥ ಸಿಟ್ಟನ್ನು ಆ ಮನೆಯಲ್ಲಿ ಯಾರೂ ಅದುವರೆಗೆ ಕೇಳಿರಲಿಲ್ಲ.

“ನಿಂಗೆ ಕೆಲಸ ಸಿಕ್ಕಿದಾಗ ನಂಗೆ ಮೂವತ್ತೆರಡು. ಇನ್ನೂ ಏನಾದ್ರೂ ಮಾಡೋ ವಯಸ್ಸು. ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ, ಅಕ್ಕ ಸಾಕು ಬಿಡು ಅಂತ ಹೇಳ್ತಾಳೆ ಅಂತ ಕಾದೆ. ನೀನು ಡಬ್ಬಿ ತಗೊಂಡು ಕೆಲಸಕ್ಕೆ ಹೋದೆ. ಪುಸ್ತಕದಲ್ಲಿರೋ ಅಡುಗೆಯೋಳು ಎಲ್ಲಿ ಅಂತ ಹತ್ತು ವರ್ಷ ಕೇಳಿದ್ಯಲ್ಲ, ನಂಗೋಸ್ಕರ ಒಂದಿನ ಯಾರನ್ನಾದ್ರೂ ಕೇಳಿದ್ಯಾ?”

“ನೀನಾದ್ರೂ ಹೇಳಬಹುದಿತ್ತಲ್ಲ ಅಕ್ಕ, ಸಾಕಾಗಿದೆ ಅಂತ.”

“ಆ ಪುಸ್ತಕದೋಳು ಹೇಳಿದ್ಲಾ ನಿಂಗೆ? ಹೇಳದೇನೇ ಗೊತ್ತಾಗ್ಲಿಲ್ವಾ?”

ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು. “ಇವತ್ತು ನಾನು ಏಳಲ್ಲ,” ಎಂದಳು.

ಕಾಗುಣಿತಮ್ಮ ಅಡುಗೆಮನೆಗೆ ಹೋಗಿ ದೀಪ ಹಾಕಿದಳು. ಗೂಡಿನಲ್ಲಿ ಒಂದೇ ಅಳತೆಯ ಹನ್ನೊಂದು ಡಬ್ಬಿ ಸಾಲಾಗಿದ್ದವು. ಒಂದೊಂದಾಗಿ ಮುಚ್ಚಳ ತೆಗೆದು ನೋಡತೊಡಗಿದಳು. ಐವತ್ತನಾಲ್ಕು ವರ್ಷದ ಹೆಂಗಸಿಗೆ ತನ್ನ ಮನೆಯಲ್ಲಿ ಉಪ್ಪು ಎಲ್ಲಿದೆ ಎಂದು ಗೊತ್ತಿರಲಿಲ್ಲ, ಕೂಗಿ ಕೇಳುವುದಕ್ಕೆ ಬಾಯಿ ಬರಲಿಲ್ಲ.