ಕೈಗೆ ವಾಪಸ್ ಬಾರದ ಚೀಟಿ

ಯಾರನ್ನೂ ಸುಲಭಕ್ಕೆ ನಂಬುವ ಜಾಯಮಾನ ನನ್ನದಲ್ಲ. ಲಿಂಗಸುಗೂರಿನಲ್ಲಿ ಕೂತು ಅಕ್ಕಿ ಗಿರಣಿಗಳಿಗೆ ಸಾಫ್ಟ್‌ವೇರ್ ಬರೆಯುವ ನನಗೆ ದಿನಾ ಬರುವ ಫೋನು ಒಂದೇ: "ನಾವೇನೂ ಮಾಡಿಲ್ರಿ ಸರ, ತಾನ ಹಿಂಗಾಗ್ಯಾದ." ತಾನಾಗಿಯೇ ಆಗಲು ಅದೇನು ದೇವರೇ? ಯಾರೋ ಏನೋ ಒತ್ತಿರುತ್ತಾರೆ.

ಸಿಂಧನೂರಿನ ಒಂದು ಗಿರಣಿಯಲ್ಲಿ, ನೆಲದೊಳಗಿನ ತೆಗ್ಗಿನಿಂದ ಭತ್ತ ಮೇಲೆತ್ತುವ ಬೆಲ್ಟನ್ನು ಕಂಪ್ಯೂಟರಿನಿಂದಲೇ ನಡೆಸುವಂತೆ ಮಾಡಿಕೊಟ್ಟಿದ್ದೆ. ಪರದೆಯ ಗುಂಡಿ ಒತ್ತಿದರೆ ಮೋಟಾರು ನೇರವಾಗಿ ತಿರುಗುವುದಿಲ್ಲ. ಒಂದು ಹುಕುಂ ಚೀಟಿ ತಯಾರಾಗುತ್ತದೆ. ನಮ್ಮ ಕಸುಬಿನಲ್ಲಿ ಅದು ಕಮಾಂಡ್ ಆಬ್ಜೆಕ್ಟ್. ಒಳಗಿನ ಮುಖ್ಯ ಪ್ರೋಗ್ರಾಮು ಸರದಿಯಂತೆ ಒಂದೊಂದೇ ಚೀಟಿ ಎತ್ತಿಕೊಂಡು ಕೆಲಸ ಮಾಡಿಸುತ್ತದೆ. ನಿಜ ಹೇಳಬೇಕೆಂದರೆ ಈ ಉಪಾಯವನ್ನು ಅಲ್ಲಿನ ಹಮಾಲರ ಮೇಸ್ತ್ರಿಯಿಂದಲೇ ಕದ್ದಿದ್ದೆ. ಕಂಪ್ಯೂಟರ್ ಬರುವ ಮೊದಲು ಆಫೀಸಿನವರು ಬರೆದ ಚೀಟಿಗಳನ್ನು ಆತ ಕಂಬದ ಮೊಳೆಗೆ ಚುಚ್ಚಿಟ್ಟು, ಒಂದೊಂದಾಗಿ ಕಿತ್ತು ಹಮಾಲರನ್ನು ಕೆಲಸಕ್ಕೆ ಹಚ್ಚುತ್ತಿದ್ದ.

ಒಂದು ಮಧ್ಯಾಹ್ನ ಆಫೀಸಿನಲ್ಲಿ ಕಂಪ್ಯೂಟರ್ ನಡೆಸುವ ಹೆಣ್ಣುಮಗಳು ಬೆಲ್ಟ್ ಚಾಲೂ ಮಾಡಲು ಒತ್ತುವುದಕ್ಕೂ ಕರೆಂಟ್ ಹೋಗುವುದಕ್ಕೂ ಸರಿಯಾಯಿತು. ಕಂಪ್ಯೂಟರಿಗೇನೋ ಬ್ಯಾಟರಿ ಇತ್ತು, ಮೋಟಾರಿಗೆ ಇರಲಿಲ್ಲ. ಬೆಲ್ಟ್ ನಿಂತಿದೆಯಲ್ಲ ಎಂದು ಹಮಾಲನೊಬ್ಬ ಕಸ ಬಳಿಯಲು ತೆಗ್ಗಿಗೆ ಇಳಿದ. ಕರೆಂಟ್ ಬಂತು, ಬೆಲ್ಟ್ ತಿರುಗಿತು, ಅವನ ಹೆಗಲ ಟವೆಲ್ ಅದಕ್ಕೆ ಸಿಕ್ಕಿತು. ಮೊಣಕೈ ತರಚಿ ಹೋಯಿತು. ಜೀವ ಉಳಿದದ್ದು ಅವನ ಹೆತ್ತವರ ಪುಣ್ಯ.

ಸುದ್ದಿ ತಿಳಿದು ನಾನು ಓಡಿಹೋದೆ. ಬಾಯಿ ತೆರೆಯುವ ಮೊದಲೇ ಆಕೆ ಶುರು ಮಾಡಿದಳು: "ಅಂವ ಇಳೀತಾನ ಅಂದ ಕೂಡ್ಲೆ ರದ್ದು ಒತ್ತೀನ್ರಿ ಸರ. ಚೀಟಿ ಪರದಿ ಮ್ಯಾಲಿಂದ ಹೋತು, ಕಣ್ಣಾರೆ ನೋಡೀನಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳಲ್ಲ ಎಂದು ನನಗೆ ಅಲ್ಲೇ ಗುಮಾನಿ ಹತ್ತಿತು. ಒಳಗಿನ ದಾಖಲೆ ತೆಗೆದೆ. ಚಾಲೂ ಹುಕುಂ ಇತ್ತು. ರದ್ದು ಎಲ್ಲಿಯೂ ಇರಲಿಲ್ಲ. ಗಿರಣಿಯ ಸಾಹುಕಾರರಿಗೆ ಬೆರಳಿಟ್ಟು ತೋರಿಸಿದೆ.

"ಮಷಿನ್ ಸುಳ್ಳು ಹೇಳ್ತದೇನವಾ? ನಾಳಿಂದ ಬರಬ್ಯಾಡ," ಎಂದರು ಅವರು.

ಹೊಲದ ಕೂಲಿ ಬಿಟ್ಟು, ಕಂಪ್ಯೂಟರ್ ಕಲಿತು, ಮಸ್ಕಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ಹೆಂಗಸು. ಬುತ್ತಿ ಡಬ್ಬಿ ಎತ್ತಿಕೊಂಡು ಹೋದಳು. ಸುಳ್ಳು ಹಿಡಿದೆನೆಂದು ನಾನು ಒಳಗೊಳಗೇ ಬೀಗಿದೆ.

ಬಾಗಿಲಲ್ಲಿ ಮೇಸ್ತ್ರಿ ಅಡ್ಡ ನಿಂತ. "ಸರ, ಒಂದ್ ಮಾತು. ಚೀಟಿ ರದ್ದಾದ್ರ ನಾ ಮೊಳಿಯಿಂದ ಕಿತ್ತು, ಬರೆದವ್ರ ಕೈಗೇ ವಾಪಸ್ ಕೊಡ್ತಿದ್ದೆ. ಕೈಗೆ ಬರೋತನಕ ಯಾರೂ ತೆಗ್ಗಿಗೆ ಇಳೀತಿದ್ದಿಲ್ಲ. ನಿಮ್ಮದ್ರಾಗ ವಾಪಸ್ ಕೊಡೋರು ಯಾರ್ರಿ?"

ಈ ಮುದುಕ ನನಗೇ ಪಾಠ ಹೇಳುತ್ತಾನಲ್ಲ ಎಂದು ಸಿಟ್ಟು ಬಂತು. ಅವನ ಬಾಯಿ ಮುಚ್ಚಿಸಲೆಂದೇ ನನ್ನ ಪ್ರೋಗ್ರಾಮು ತೆರೆದೆ. ರದ್ದು ಗುಂಡಿ ಪರದೆಯ ಮೇಲಿನ ಸಾಲನ್ನಷ್ಟೇ ಅಳಿಸುತ್ತಿತ್ತು. ಒಳಗೆ ಹೋದ ಚೀಟಿಯನ್ನು ಕೀಳುವ ಕೆಲಸವನ್ನು ಆಮೇಲೆ ಬರೆದರಾಯಿತೆಂದು ಬಿಟ್ಟವನು ನಾನೇ. ಚೀಟಿ ಮೊಳೆಯಲ್ಲೇ ಇತ್ತು, ಕರೆಂಟ್ ಬಂದೊಡನೆ ನಡೆಯಿತು. ಯಾರಿಗೆ ಗೊತ್ತಾಗುತ್ತದೆ, ಸದ್ದಿಲ್ಲದೆ ಸರಿಮಾಡಿ ಹೋಗಿಬಿಡಲೇ ಎಂದೂ ಅನ್ನಿಸಿತು, ಸುಳ್ಳೇಕೆ ಹೇಳಲಿ. ಆದರೆ ಮೇಸ್ತ್ರಿ ಕದಲದೆ ನನ್ನ ಮುಖವನ್ನೇ ನೋಡುತ್ತಿದ್ದ.

ಸಾಹುಕಾರರ ಮುಂದೆ, ಹಮಾಲರ ಮುಂದೆ ತಪ್ಪು ನನ್ನದೆಂದು ಹೇಳಿದೆ. ಉಗಿಸಿಕೊಂಡೆ. ಸಾಹುಕಾರರು ಹೇಳಿ ಕಳಿಸಿದ ಮೇಲೆ, ಮರುದಿನ ಮುಂಜಾನೆಯ ಬಸ್ಸಿಗೆ ಆಕೆ ಮರಳಿ ಬಂದಳು. ಅಷ್ಟರಲ್ಲಿ ಸರಿಪಡಿಸಿದ್ದೆ: ಒಳಗಿನಿಂದ ಚೀಟಿ ವಾಪಸ್ ಬಂದ ಮೇಲೆಯೇ ಪರದೆಯಲ್ಲಿ 'ರದ್ದಾಯಿತು' ಎಂದು ಮೂಡುತ್ತದೆ.

ಆಕೆ ಚಾಲೂ ಒತ್ತಿ, ಹಿಂದೆಯೇ ರದ್ದು ಒತ್ತಿ ನೋಡಿದಳು. ಮೂಡಿತು. ಆದರೂ ಎದ್ದು ಕಿಟಕಿ ತೆರೆದು ಮೇಸ್ತ್ರಿಯನ್ನು ಕೂಗಿ ಕೇಳಿದಳು: "ಕಾಕಾ, ಬೆಲ್ಟ್ ನಿಂತೈತೇನು?"

"ನಿಂತೈತವಾ!"

ಕುರ್ಚಿಗೆ ಮರಳಿ, ನನ್ನ ಕಡೆ ತಿರುಗದೆಯೇ ಅಂದಳು: "ನಿನ್ನೆ ನೀವೂ ಹಿಂಗ ಇನ್ನೊಂದ್ಸಲ ಕೇಳಿದ್ರ ಆಗ್ತಿತ್ತಲ್ರಿ ಸರ."