ದಶಮಿಯ ದಿನದ ಗಿರಣಿ

ಖಾನಾಪುರದ ಬಾಡಿಗೆ ಮನೆಗೆ ಬಂದ ಮೂರನೆಯ ದಿನ, ಮನೆಯ ಒಡತಿ ಪದ್ಮಾ ಕಾಕು ಹೇಳದೆ ಕೇಳದೆ ಅಡುಗೆಮನೆಗೆ ನುಗ್ಗಿ ನಮ್ಮ ಫ್ರಿಜ್ಜಿನ ಬಾಗಿಲು ತೆಗೆದರು. ಮೊಟ್ಟೆ ಇಡಲೆಂದು ಮಾಡಿರುವ ಗುಳಿಗಳಲ್ಲಿ ನಾನು ನಿಂಬೆಹಣ್ಣು ಜೋಡಿಸಿದ್ದೆ. ಒಂದೊಂದನ್ನೂ ಎತ್ತಿ, ಬೆಳಕಿಗೆ ಹಿಡಿದು ನೋಡಿದರು.

"ತತ್ತಿ ಅಲ್ಲಲಾ?"

"ನಿಂಬೆಹಣ್ಣು ಕಾಕು. ಮೊಟ್ಟೆ ತರಲ್ಲ ಅಂತ ಮೊದಲೇ ಹೇಳಿದ್ದೆನಲ್ಲ."

"ಹೇಳಿದ್ದಿ ಖರೇ. ಆದ್ರೂ ನೋಡಿ ಬರೂಣು ಅಂತ ಬಂದ್ನಿ. ಸಿಟ್ಟ ಮಾಡ್ಕೋಬ್ಯಾಡವಾ, ಜೈನರ ಮನಿ ಇದು."

ಸಿಟ್ಟು ಬಂದೇ ಬಂತು. ನಮ್ಮ ಮಳವಳ್ಳಿಯಲ್ಲಿ ಮನೆ ಮಾಲೀಕರು ತಿಂಗಳಿಗೊಮ್ಮೆ ಹೊಸ್ತಿಲ ಆಚೆ ನಿಂತು ಕೆಮ್ಮುತ್ತಾರೆ, ಅಷ್ಟೇ. ಇಲ್ಲಿ ಪಾತ್ರೆಯ ಮುಚ್ಚಳ ತೆಗೆದು ಮೂಸುತ್ತಾರೆ. ಅದೇ ಕಾಕು ಸಂಜೆ ಬಿಸಿ ಜೋಳದ ರೊಟ್ಟಿ, ಬೆಣ್ಣೆ ತಂದು ಕೊಟ್ಟು, ನಾನು ಬೇಡವೆಂದರೂ ಕೇಳದೆ ಮಗಳ ತಟ್ಟೆಗೆ ಹಾಕಿದರು. ಕಾಕು ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಇಲ್ಲಿ ಕನ್ನಡದವರೂ ಹಾಗೇ ಕರೆಯುತ್ತಾರೆ. ನಾನೂ ಮೊದಲ ದಿನದಿಂದಲೇ ಕರೆದೆ, ಆದರೆ ಮನಸ್ಸಿಟ್ಟು ಕರೆಯಲು ಒಂದು ವರ್ಷ ಹಿಡಿಯಿತು.

ನಮ್ಮ ಯಜಮಾನರಿಗೆ ವಿದ್ಯುತ್ ಇಲಾಖೆಯಲ್ಲಿ ಕೆಲಸ. ವರ್ಗವಾಗಿ ಇಲ್ಲಿಗೆ ಬಂದೆವು. ಬಂದ ಆರು ತಿಂಗಳಿಗೆ ಎಂಟು ವರ್ಷದ ಮಗಳು ಇಳಾ ಸೊರಗತೊಡಗಿದಳು. ಹೊಟ್ಟೆನೋವು, ಭೇದಿ. ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ನೀರು ಬದಲಾದದ್ದಕ್ಕೆ ಹೀಗೆ ಎಂದುಕೊಂಡು ನಾನು ಎರಡು ತಿಂಗಳು ಜೀರಿಗೆ ಕಷಾಯ ಕುಡಿಸಿದೆ. ಕೊನೆಗೆ ಬೆಳಗಾವಿಯ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ, ಇದು ಸೀಲಿಯಾಕ್ ಕಾಯಿಲೆ, ಗೋಧಿಯಲ್ಲಿರುವ ಗ್ಲುಟನ್ ಎಂಬ ಅಂಟು ಇವಳ ಕರುಳಿಗೆ ವಿಷ, ಇನ್ನು ಜೀವಮಾನದಲ್ಲಿ ಗೋಧಿ, ಮೈದಾ, ರವೆ ಯಾವುದೂ ಮುಟ್ಟುವಂತಿಲ್ಲ ಎಂದರು.

ಆ ಮಾತು ಯಾರಿಗೆ ಹೇಳಿದರು ನೋಡಿ. ನಮ್ಮಪ್ಪ ಮಳವಳ್ಳಿಯಲ್ಲಿ ಬೇಕರಿ ಇಟ್ಟವರು. ನಾನು ಅಂಬೆಗಾಲಿಟ್ಟದ್ದು ಮೈದಾ ಮೂಟೆಗಳ ನಡುವೆ. ಸಂಜೆಯ ಬನ್ನು ಒಲೆಯಿಂದ ಇಳಿಯುವ ಹೊತ್ತಿಗೆ ಶಾಲೆ ಬಿಡುತ್ತಿತ್ತು. ಅಂಥವಳ ಮಗಳಿಗೆ ಬನ್ನು ವಿಷ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ಇಳಾ ನನ್ನ ಸೆರಗು ಹಿಡಿದು, "ಅಮ್ಮಾ, ಬರ್ತ್‌ಡೇ ಕೇಕು?" ಎಂದಳು. ಹುಟ್ಟುಹಬ್ಬಕ್ಕೆ ಇನ್ನೂ ಏಳು ತಿಂಗಳಿತ್ತು. "ಮಾಡ್ಕೊಡ್ತೀನಿ" ಎಂದುಬಿಟ್ಟೆ.

ಹೇಳುವುದು ಸುಲಭ. ಗ್ಲುಟನ್ ಇಲ್ಲದ ಹಿಟ್ಟಿನ ಪೊಟ್ಟಣ ಬೆಳಗಾವಿಯ ಒಂದು ದೊಡ್ಡ ಅಂಗಡಿಯಲ್ಲಿ ಸಿಕ್ಕಿತು. ಬೆಲೆ ನೋಡಿ, ಇದು ಹಿಟ್ಟೋ ಬೆಳ್ಳಿಪುಡಿಯೋ ಎನಿಸಿತು. ಒಂದು ಪೊಟ್ಟಣದ ದುಡ್ಡಿಗೆ ತಿಂಗಳ ಜೋಳ ಬರುತ್ತಿತ್ತು. ಕೊಂಡು ತಂದು, ಚಮಚದಲ್ಲಿ ಅಳೆದು ಬಿಸ್ಕತ್ತು ಮಾಡಿದೆ. ನಾಲ್ಕು ದಿನಕ್ಕೆ ಖಾಲಿ. ಕಾಕು ತಮ್ಮ ಸಲಹೆ ಕೊಟ್ಟರು, "ಕುಂದಾ ತಿನ್ಸು. ಹಾಲಿಂದ ಅದು." ಬೆಳಗಾವಿಯ ಕುಂದಾ ರುಚಿಯೇ, ಸುಳ್ಳು ಹೇಳಬಾರದು. ಆದರೆ ಅದರ ಮೇಲೆ ಮೇಣದಬತ್ತಿ ನಿಲ್ಲುವುದಿಲ್ಲ.

ಇರಲಿ, ಜೋಳದ ಸೀಮೆಗೆ ಬಂದಿದ್ದೇವೆ, ಜೋಳದಲ್ಲಿ ಗ್ಲುಟನ್ ಇಲ್ಲ, ದೇವರು ದೊಡ್ಡವನು ಎಂದುಕೊಂಡೆ. ಜೋಳ ತಂದು, ಗಿರಣಿಗೆ ಹಾಕಿಸಿ, ರೊಟ್ಟಿ ಬಡಿಯುವುದನ್ನು ಕಾಕು ಹತ್ತಿರ ಕಲಿತೆ. ನಮ್ಮ ಕಡೆ ಮುದ್ದೆಯನ್ನು ಕೋಲು ಹಾಕಿ ತಿರುಗಿಸಿದರೆ ಮುಗಿಯಿತು. ಇಲ್ಲಿ ರೊಟ್ಟಿಯನ್ನು ಅಂಗೈಯಲ್ಲಿ ಬಡಿಯಬೇಕು, ಅದು ತಿರುಗುತ್ತಾ ಅಗಲವಾಗಬೇಕು. ನನ್ನ ಮೊದಲ ರೊಟ್ಟಿಗಳು ಕರ್ನಾಟಕದ ಭೂಪಟದಂತೆ ಬಂದವು. ಅದನ್ನೇ ಇಳಾ ಖುಷಿಯಿಂದ ತಿಂದಳು. ವಾರ ಕಳೆಯುವುದರೊಳಗೆ ಮತ್ತೆ ಹೊಟ್ಟೆನೋವು.

"ಜ್ವಾಳದ ರೊಟ್ಟಿನ ಅಲ್ಲೇನು ತಿಂದದ್ದು?" ಕಾಕು ಕೇಳಿದರು.

"ಜೋಳದ್ದೇ ಕಾಕು. ಗೋಧಿ ಮನೆಯಲ್ಲೇ ಇಟ್ಟಿಲ್ಲ."

"ಹಿಟ್ಟ ಎಲ್ಲಿ ಬೀಸಿಸ್ದಿ?"

"ಗಿರಣಿಯಲ್ಲಿ."

ಕಾಕು ಹಣೆ ಹಣೆ ಬಡಿದುಕೊಂಡರು. "ನಿನಗಿಂತ ಮೊದಲ ಅಲ್ಲಿ ಯಾರ ಗೋದಿ ಬೀಸಿಸ್ಯಾರೋ ಯಾರಿಗ್ಗೊತ್ತು? ಕಲ್ಲಿನಾಗ ಅದು ಕುಂತಿರತೈತಿ. ನಮ್ಮ ಮುನಿಗಳು ಆಹಾರಕ್ಕ ಬಂದಾಗ ಚೌಕಾ ಹಚ್ಚತೀವಲಾ, ಆ ಹಿಟ್ಟಿಗೆ ಬ್ಯಾರೆ ಹಿಟ್ಟಿನ ಗಾಳೀನೂ ತಾಗಬಾರದು. ನಿನ್ನ ಮಗಳ ಹೊಟ್ಟೀನೂ ಹಂಗ ಅಂತ ತಿಳ್ಕೋ."

ಚೌಕಾ ಎಂದರೆ ಜೈನ ಮುನಿಗಳಿಗೆ ಅಡುಗೆ ಮಾಡಲು ಬೇರೆಯೇ ಪಾತ್ರೆ, ಬೇರೆಯೇ ಒಲೆ ಇಟ್ಟು ಶುದ್ಧವಾಗಿ ಕಾಯುವ ಜಾಗ. ವೈದ್ಯರು ಕಾಗದದಲ್ಲಿ ಬರೆದುಕೊಟ್ಟರೂ ನನ್ನ ತಲೆಗೆ ಹೋಗದಿದ್ದದ್ದು ಕಾಕು ಹೇಳಿದಾಗ ಹೋಯಿತು. ನನ್ನ ನಿಂಬೆಹಣ್ಣುಗಳನ್ನು ಬೆಳಕಿಗೆ ಹಿಡಿದು ನೋಡಿದ್ದರಲ್ಲ, ಆ ಸಂಶಯವೇ ನನಗೆ ಬೇಕಾಗಿತ್ತು!

ಮಿಕ್ಸಿಯಲ್ಲಿ ಬೀಸಿ ನೋಡಿದೆ. ಜೋಳ ರವೆಯಾಯಿತು, ಮಿಕ್ಸಿ ಸುಟ್ಟುಹೋಯಿತು. ಮನೆಯಲ್ಲಿಡುವ ಸಣ್ಣ ಗಿರಣಿ ಕೊಳ್ಳುವಷ್ಟು ಅನುಕೂಲ ನಮಗಿರಲಿಲ್ಲ. ಆಗ ಕಾಕುವೇ ಒಂದು ದಾರಿ ಹೇಳಿದರು. "ದಶಮಿ ದಿವಸ ಮಾರುತಿ ಮಾಮಾನ ಗಿರಣಿಗೆ ಹೋಗು. ಅವತ್ತ ಅಂವ ಗೋದಿ ಬೀಸಂಗಿಲ್ಲ."

ಖಾನಾಪುರದಲ್ಲಿ ವಿಠ್ಠಲನ ಭಕ್ತರು ಬಹಳ. ತಿಂಗಳಿಗೆರಡು ಏಕಾದಶಿ, ಮನೆಮನೆಯಲ್ಲಿ ಉಪವಾಸ. ಉಪವಾಸವೆಂದರೆ ಹಸಿದಿರುವುದಲ್ಲ, ಧಾನ್ಯ ಬಿಟ್ಟು, ಸಾಮೆಯಂಥ ವರಿ ಅಕ್ಕಿ, ರಾಜಗಿರಿ, ಸಾಬುದಾನಿಯ ಹಿಟ್ಟಿನಿಂದ ತಾಲಿಪಟ್ಟು ಮಾಡಿ ತಿನ್ನುವುದು. ನಮ್ಮ ಕಡೆ ಏಕಾದಶಿಗೆ ಅವಲಕ್ಕಿಯಲ್ಲಿ ಮುಗಿಸುತ್ತೇವೆ, ಇಲ್ಲಿ ಅವಲಕ್ಕಿಯೂ ಧಾನ್ಯವೇ. ಹಾಗಾಗಿ ಹಿಂದಿನ ದಿನ, ದಶಮಿಗೆ, ಮಾರುತಿ ಮಾಮಾ ಗಿರಣಿಯ ಕಲ್ಲು ಬಿಚ್ಚಿ, ಒರೆಸಿ, ಹಿಟ್ಟು ಇಳಿಯುವ ಬಾಯಿಗೆ ಬೇರೆ ಬಟ್ಟೆಯ ತೋಳು ಕಟ್ಟಿ, ಉಪವಾಸದ ಹಿಟ್ಟು ಮಾತ್ರ ಬೀಸುತ್ತಾರೆ. ಏಕಾದಶಿಗೆ ಗಿರಣಿಯ ಬಾಗಿಲು ಹಾಕಿರುತ್ತಾರೆ, ಮತ್ತೆ ಗೋಧಿ ಬೀಸುವುದು ಅದರ ಮರುದಿನವೇ.

ಇದು ಕೇಳಿ ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದಶಮಿಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಗಿರಣಿಯಲ್ಲಿದ್ದೆ. ತೊಳೆದು ಒಣಗಿಸಿದ ಜೋಳ ಐದು ಕಿಲೋ. ಕಲ್ಲು ಥಳಥಳ ಹೊಳೆಯುತ್ತಿತ್ತು. ಮಾಮಾ ಹಿಂದಿನ ಕೋಣೆಯಲ್ಲಿ ಗಿರಣಿ ತಿರುಗಿಸುವ ಪಟ್ಟಾ ಹುಡುಕುತ್ತಿದ್ದರು. ಬಂದಮೇಲೆ ಕೆಲಸ ಬೇಗ ಆಗಲಿ ಎಂದು ನಾನೇ ಜೋಳವನ್ನು ಮೇಲಿನ ಡಬ್ಬಿಗೆ ಸುರಿದೆ.

ಹಿಂದಿನಿಂದ ಯಾರೋ ಕಿರುಚಿದರು. ತಿರುಗಿ ನೋಡಿದರೆ ವರಿ, ರಾಜಗಿರಿ ಹಿಡಿದ ಏಳೆಂಟು ಹೆಂಗಸರು. ಎಲ್ಲರಿಗಿಂತ ಹಿರಿಯಾಕೆ, ಶೇವಂತಾಬಾಯಿ ಎಂದು ಆಮೇಲೆ ಗೊತ್ತಾಯಿತು, ಮರಾಠಿಯಲ್ಲಿ ಬೈಯತೊಡಗಿದರು. ಒಂದಕ್ಷರ ತಿಳಿಯಲಿಲ್ಲ, ಆದರೂ ತಾಗಬೇಕಾದಲ್ಲಿ ತಾಗಿತು.

ಮಾಮಾ ಓಡಿ ಬಂದರು. "ಏನ ಮಾಡಿದ್ರಿ ಅಕ್ಕಾರ! ಜ್ವಾಳ ಧಾನ್ಯ ಅಲ್ಲೇನ್ರಿ? ಇನ್ನ ಉಪಾಸದ ಹಿಟ್ಟ ಹೆಂಗ ಬೀಸೂದು? ಮತ್ತ ಎಲ್ಲಾ ಬಿಚ್ಚಿ ಒರಸಬೇಕು."

ಗೋಧಿಯ ಹೆದರಿಕೆಯಲ್ಲಿ ನನಗೆ ಗೋಧಿಯೊಂದೇ ಮೈಲಿಗೆಯಾಗಿತ್ತು. ಅವರಿಗೆ ನನ್ನ ಜೋಳವೂ ಮೈಲಿಗೆ ಎಂಬುದು ಹೊಳೆದೇ ಇರಲಿಲ್ಲ. ಎಷ್ಟು ನಾಚಿಕೆಯಾಯಿತೆಂದರೆ, ಚೀಲ ಅಲ್ಲೇ ಬಿಟ್ಟು ಮನೆಗೆ ಓಡೋಣ ಎನಿಸಿತು. ಓಡಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಸೆರಗು ಸಿಕ್ಕಿಸಿ, "ನಾನೇ ಒರೆಸಿ ಕೊಡ್ತೀನಿ, ನೀವು ಹೇಳಿಕೊಡಿ" ಎಂದೆ.

ಎರಡು ಗಂಟೆ ಹಿಡಿಯಿತು. ಕಲ್ಲಿನ ಗೀರು, ಡಬ್ಬಿಯ ಮೂಲೆ, ಕೊಳವೆಯ ತಿರುವು, ಗೋಡೆಯ ಮೇಲಿನ ಹಲಗೆ, ಪ್ರತಿಯೊಂದನ್ನೂ ಕುಂಚ ಹಾಕಿ ಕೆರೆದು, ಬಟ್ಟೆಯಲ್ಲಿ ಒರೆಸಿದೆ. ಮಾಮಾ ಬೆಳಿಗ್ಗೆಯೇ ಒರೆಸಿದ್ದ ಕೊಳವೆಯ ತಿರುವಿನಲ್ಲಿ ಒಂದು ಹಿಡಿ ಹಳೆಯ ಗೋಧಿ ಹಿಟ್ಟು ಗಟ್ಟಿಯಾಗಿ ಕೂತಿತ್ತು. ಅದನ್ನು ಚಾಕುವಿನಿಂದ ಕಿತ್ತು ತೆಗೆದು ತೋರಿಸಿದಾಗ ಶೇವಂತಾಬಾಯಿ ಬೈಗುಳ ನಿಲ್ಲಿಸಿದರು. ಇಷ್ಟು ವರ್ಷ ತಮ್ಮ ಉಪವಾಸದ ಹಿಟ್ಟು ಅದರ ಮೇಲೆ ಹಾದುಬರುತ್ತಿತ್ತೆಂದು ಗೊತ್ತಾಗಿ ಈಗ ಮಾಮಾನ ಕಡೆ ತಿರುಗಿದರು. ಬೈಗುಳ ಹಂಚಿಕೊಂಡಮೇಲೆ ನನ್ನ ಎದೆ ಸ್ವಲ್ಪ ಹಗುರಾಯಿತು.

ಯಾಕೆ ಇಷ್ಟೆಲ್ಲ ಎಂದು ಶೇವಂತಾಬಾಯಿ ಮಾಮಾನ ಮೂಲಕ ಕೇಳಿದರು. ನಾನು ಮಗಳ ಕಾಯಿಲೆ ಹೇಳಿದೆ. ಮಾಮಾ ಅದನ್ನು ಮರಾಠಿಗೆ ತಿರುಗಿಸಿದರು. ಆಕೆ ಕೇಳಿ, ಈ ಸಲ ಕನ್ನಡದಲ್ಲೇ ಹೇಳಿದರು, "ಆ ಕೂಸಿಗೆ ದಿನಾ ಏಕಾದಶಿ ಆತಲ್ಲವಾ." ಆಮೇಲೆ ಮಾಮಾನಿಗೆ ಅಪ್ಪಣೆ ಕೊಟ್ಟರು, "ನಮ್ಮವು ಎಲ್ಲಾ ಮುಗಿದ ಮ್ಯಾಲೆ ಕಡೀಕ ಈಕಿ ಜ್ವಾಳ ಹಾಕು. ಅಕ್ಕಿ ತಂದ್ರ ಅದನ್ನೂ ಹಾಕು. ಅಲ್ಲೀತನ ಗೋದಿ ಒಳಗ ಬರಂಗಿಲ್ಲ."

ಅಂದಿನಿಂದ ಅದೇ ಒಪ್ಪಂದ. ಪ್ರತಿ ದಶಮಿಗೆ ನಾನು ಹೋಗಿ ಮಾಮಾನ ಜೊತೆ ಗಿರಣಿ ಬಿಚ್ಚಿ ಒರೆಸುತ್ತೇನೆ. ಎಲ್ಲರದ್ದೂ ಆದಮೇಲೆ ಕೊನೆಗೆ ನನ್ನ ಜೋಳ, ಹತ್ತಿರದ ಪಾರಿಶ್ವಾಡದ ರೈತರೊಬ್ಬರಿಂದ ತರುವ ಅಕ್ಕಿ. ಬೀಸುವ ಕೂಲಿ ಎಲ್ಲರಿಗೂ ಇರುವಷ್ಟೇ. ಹದಿನೈದು ದಿನದ ಹಿಟ್ಟು ಡಬ್ಬಿ ತುಂಬುತ್ತದೆ. ಎರಡು ತಿಂಗಳಲ್ಲಿ ಇಳಾಳ ಕೆನ್ನೆಗೆ ಬಣ್ಣ ಬಂತು. ಬೆಳಗಾವಿಯ ವೈದ್ಯರು ರಕ್ತದ ವರದಿ ನೋಡಿ, ಯಾವ ಹಿಟ್ಟು ಕೊಳ್ಳುತ್ತೀರಿ ಎಂದರು. "ಕೊಳ್ಳೋದಿಲ್ಲ ಡಾಕ್ಟ್ರೇ, ಬೀಸಿಸ್ತೀನಿ" ಎಂದು ಹೇಳುವಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು.

ಹಿಟ್ಟೇನೋ ಸಿಕ್ಕಿತು, ಕೇಕು ಆಗಬೇಕಲ್ಲ. ಗೋಧಿಯಿಲ್ಲ, ಮೊಟ್ಟೆಯಿಲ್ಲ. ಅಪ್ಪನಿಗೆ ಫೋನು ಮಾಡಿ ಕೇಳಿದರೆ ನಕ್ಕರು. "ಅದು ಕೇಕ್ ಆಗಲ್ಲ ಕಣಮ್ಮ, ಸಿಹಿ ಇಟ್ಟಿಗೆ ಆಯ್ತದೆ." ಅಪ್ಪ ಹೇಳಿದಂತೆಯೇ ಆಯಿತು. ಮೊದಲ ಕೇಕನ್ನು ಕತ್ತರಿಸಲು ಈಳಿಗೆಮಣೆ ಬೇಕಾಯಿತು. ಎರಡನೆಯದು ಕತ್ತರಿಸುವ ಮುಂಚೆಯೇ ಪುಡಿಯಾಯಿತು.

ಕಾಕು ಆ ಪುಡಿಯನ್ನು ಬೆರಳಲ್ಲಿ ಒತ್ತಿ ನೋಡಿದರು. "ಜಿಗಿ ಇಲ್ಲ ಇದಕ. ರೊಟ್ಟಿಗೆ ಕುದಿಯೂ ನೀರ ಹಾಕತಿ, ಇದಕ ಯಾಕ ಹಾಕಲಿಲ್ಲ?"

ಜಿಗಿ ಎಂದರೆ ಹಿಟ್ಟಿನ ಹಿಡಿತ, ಒಂದಕ್ಕೊಂದು ಅಂಟಿಕೊಳ್ಳುವ ಗುಣ. ಜೋಳಕ್ಕೆ ಹುಟ್ಟಿನಿಂದ ಅದಿಲ್ಲ, ಕುದಿಯುವ ನೀರಿನಿಂದ ಬರಿಸಬೇಕು. ಇಲ್ಲಿಯ ಹೆಂಗಸರು ದಿನಾ ಬೆಳಿಗ್ಗೆ ಮಾಡುವ ಕೆಲಸ ಅದು. ಬೇಕರಿಯವರ ಮಗಳಾದ ನನಗೆ ಹೊಳೆದಿರಲಿಲ್ಲ. ಕಾಲು ಭಾಗ ಹಿಟ್ಟಿಗೆ ಕುದಿಯುವ ಹಾಲು ಸುರಿದು ತಿರುವಿದೆ. ಮೊಟ್ಟೆಯ ಬದಲು ಕಾಕುವಿನ ಡಬ್ಬಿಯಿಂದ ಅಗಸೆ ಬೀಜ ಬಂತು. ಇವರು ಅದನ್ನು ಹುರಿದು ಖಾರ ಹಾಕಿ ಹಿಂಡಿ, ಅಂದರೆ ಚಟ್ನಿಪುಡಿ, ಮಾಡಿ ರೊಟ್ಟಿಗೆ ಹಚ್ಚಿಕೊಳ್ಳುತ್ತಾರೆ. ಹಸಿಯಾಗಿ ಪುಡಿ ಮಾಡಿ ನೆನೆಸಿದರೆ ಮೊಟ್ಟೆಯ ಬಿಳಿಯಂತೆ ಲೋಳೆಯಾಗುತ್ತದೆ. ಮೊಸರು, ಸೋಡಾ, ಬೆಲ್ಲ, ಏಲಕ್ಕಿ. ಓವನ್ನಿನ ಗಾಜಿಗೆ ಮೂಗು ಒತ್ತಿ ನಾನು, ಇಳಾ, ಕಾಕು ಮೂವರೂ ಕೂತೆವು. ಕೇಕು ಎದ್ದಿತು. ನಡುವೆ ಬಿರುಕು ಬಿಟ್ಟು, ಎದೆಯುಬ್ಬಿಸಿ ಎದ್ದಿತು. ಕಾಕು ಚಪ್ಪಾಳೆ ತಟ್ಟಿದರು.

ಹುಟ್ಟುಹಬ್ಬಕ್ಕೆ ತರಗತಿಯ ಹನ್ನೊಂದು ಮಕ್ಕಳು ಬಂದರು. ಏಳು ತಿಂಗಳಿಂದ ಬೇರೆಯವರ ಹುಟ್ಟುಹಬ್ಬದಲ್ಲಿ ಬಾಳೆಹಣ್ಣು ಹಿಡಿದು ಮೂಲೆಯಲ್ಲಿ ನಿಲ್ಲುತ್ತಿದ್ದ ನನ್ನ ಮಗಳು ಅಂದು ತಾನೇ ಕತ್ತರಿಸಿ, ತಾನೇ ಹಂಚಿ, ಎಲ್ಲರಿಗಿಂತ ದೊಡ್ಡ ತುಂಡು ತಾನು ತಿಂದಳು. ಮಾರುತಿ ಮಾಮಾ ಎರಡು ಸಲ ಇಸಿದುಕೊಂಡರು. ಶೇವಂತಾಬಾಯಿ ಮೂಸಿ ನೋಡಿ, "ಏಕಾದಶಿಗೆ ನಡಿಯಂಗಿಲ್ಲ, ಉಳಿದ ದಿವಸ ಚೊಲೋ" ಎಂದರು. ನಾನು ಒಳಗೆ ಹೋಗಿ ಸ್ವಲ್ಪ ಅತ್ತು, ಮುಖ ತೊಳೆದುಕೊಂಡು ಬಂದೆ.

ಬೇಸಗೆ ರಜೆಯಲ್ಲಿ ಊರಿಗೆ ಹೋದೆವು. ಡಬ್ಬಿಯಲ್ಲಿ ಕೇಕು. ಬೇಕರಿಯ ಗಾಳಿಯಲ್ಲೇ ಮೈದಾ ಹಾರುತ್ತಿರುತ್ತದೆ, ಇಳಾ ಒಳಗೆ ಹೋಗುವಂತಿಲ್ಲ. ಎದುರಿನ ರಸ್ತೆಯಂಚಿನ ಕಲ್ಲುಬೆಂಚಿನ ಮೇಲೆ ಕೂತೆವು. ಅಪ್ಪ ಹಿಂದಿನ ಬಾಗಿಲಿನಿಂದ ಮನೆಗೆ ಹೋಗಿ, ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು ಬಂದು ಮೊಮ್ಮಗಳ ಪಕ್ಕ ಕೂತರು. ತುಂಡನ್ನು ಮುರಿದು ಒಳಗಿನ ತೂತು ನೋಡಿದರು. ಬಾಯಿಗಿಟ್ಟು ಬಹಳ ಹೊತ್ತು ಅಗಿದರು.

"ಇದನ್ನ ಮಾರಬೋದು ಕಣಮ್ಮ" ಎಂದರು. ನಲವತ್ತು ವರ್ಷದಲ್ಲಿ ಅಪ್ಪ ನನ್ನ ಕೈಯ ಯಾವುದಕ್ಕೂ ಹೀಗೆಂದಿರಲಿಲ್ಲ. "ಹಿಟ್ಟು ಎಲ್ಲೀದು?"

"ನಮ್ಮೂರಿಂದು, ಅಜ್ಜಾ" ಎಂದಳು ಇಳಾ.

ಅಪ್ಪ ನನ್ನ ಮುಖ ನೋಡಿದರು. ಅಷ್ಟರಲ್ಲಿ ಎದುರಿಗೆ ಸಂಜೆಯ ಬನ್ನಿನ ತಟ್ಟೆ ಒಲೆಯಿಂದ ಇಳಿಯಿತು. ಆ ಪರಿಮಳಕ್ಕೆ ಗೊತ್ತಿಲ್ಲದೆ ಎದ್ದು ನಾಲ್ಕು ಹೆಜ್ಜೆ ಹಾಕಿದ್ದೆ. ಒಳಗೆ ಹೋದರೆ ಸೀರೆಗೆ ಮೈದಾ ಹತ್ತುತ್ತದೆ, ಸ್ನಾನವಾಗುವವರೆಗೆ ಮಗಳನ್ನು ಮುಟ್ಟುವಂತಿಲ್ಲ. ರಸ್ತೆಯ ನಡುವಿನಿಂದ ಹಿಂದಕ್ಕೆ ಬಂದೆ.

"ನಾಡಿದ್ದು ದಶಮಿ ಅಪ್ಪ. ನಾಳೆನೇ ಹೊರಡಬೇಕು" ಎಂದೆ.

ಯಾವೂರಿಗೆ ಎಂದು ಅಪ್ಪ ಕೇಳಲಿಲ್ಲ. ಎರಡನೆಯ ತುಂಡಿಗೆ ಕೈ ಚಾಚಿದರು.