ಹತ್ತು ತಲೆಗಳ ಮೇಲೆ ಹನ್ನೊಂದರ ಹೊರೆ

ಅವರ ನಡುನೆತ್ತಿಯಲ್ಲಿ ಅಂಗೈ ಅಗಲ ಕೂದಲೇ ಇರಲಿಲ್ಲ. ಸೆರಗು ಜಾರಿದಾಗ ಮಾತ್ರ ಕಾಣುತ್ತಿತ್ತು, ಚರ್ಮ ಗಟ್ಟಿಯಾಗಿ ಹೊಳೆಯುತ್ತಿತ್ತು. ಹದಿನೈದು ವರ್ಷ ಇಟ್ಟಿಗೆ, ಉಸುಕು ಹೊತ್ತ ತಲೆ ಅದು. ಮೊದಲ ದಿನ ನಾನು ಅದನ್ನೇ ನೋಡುತ್ತಿದ್ದುದು ಅವರ ಕಣ್ಣಿಗೆ ಬಿತ್ತು. ಸೆರಗು ಸರಿಮಾಡಿಕೊಳ್ಳುವ ಗೋಜಿಗೆ ಹೋಗದೆ, "ಅಷ್ಟು ಎಣ್ಣಿ ಉಳೀತೈತಿ ನೋಡ್ರಿ ಅಕ್ಕೋರ" ಎಂದು ನಕ್ಕರು.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ಮೈಸೂರಿನಲ್ಲಿ ಬಿ.ಎ. ಮುಗಿಸಿ, ಲೋಕೋದ್ಧಾರದ ಹುಚ್ಚು ಹತ್ತಿಸಿಕೊಂಡು ನಾನು ಮುಂಬಯಿಗೆ ಬಂದಿದ್ದೆ. ಮಲಾಡಿನಲ್ಲಿ ಬಿಲ್ಡಿಂಗ್ ಕೆಲಸಕ್ಕೆ ಬಂದಿದ್ದ ಬಿಜಾಪುರದ ಕಡೆಯವರ ಮಕ್ಕಳಿಗೆ ಅಕ್ಷರ ಕಲಿಸಲು ದಾದರಿನ ಒಂದು ಕನ್ನಡ ಸಂಘ ಸಂಬಳವಿಲ್ಲದ ಟೀಚರನ್ನು ಹುಡುಕುತ್ತಿತ್ತು. ವಾಸ, ಊಟ ಅಲ್ಲೇ ಒಂದು ಕೂಲಿ ಸಂಸಾರದಲ್ಲಿ. ಆ ಮನೆಯೊಡತಿಯೇ ಇವರು. ನನಗಿಂತ ಹನ್ನೆರಡು ವರ್ಷ ದೊಡ್ಡವರು, ಅಷ್ಟೆ. ಆದರೂ ಸೈಟಿನವರೆಲ್ಲ ಅವ್ವ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ತಗಡಿನ ಒಂದೇ ಕೋಣೆ. ಗಂಡ, ಒಂಬತ್ತು ವರ್ಷದ ಮಗಳು, ಒಂದು ಕೈಗೂಸು. ನಾನು ಕಾಲಿಟ್ಟ ದಿನವೇ ಗಂಡ ಹಾಸಿಗೆ ಸುತ್ತಿಕೊಂಡು ಸಿಮೆಂಟಿನ ಗೋದಾಮಿಗೆ ಮಲಗಲು ಹೋದರು. ಯಾರೂ ಅವರಿಗೆ ಹೇಳಿರಲಿಲ್ಲ. ಅವ್ವ ಒಂದು ತಂಬಿಗೆ ನೀರು ಹಿಡಿದು, "ನಮ್ಮ ಕೈಯಾಗಿನ ನೀರು ನಡೀತೈತೇನ್ರಿ?" ಎಂದು ಕೇಳಿದರು. ನಾನು ದೊಡ್ಡ ಕ್ರಾಂತಿ ಮಾಡುವವಳಂತೆ ಗಟಗಟನೆ ಕುಡಿದು ಇನ್ನೊಂದು ತಂಬಿಗೆ ಕೇಳಿದೆ. "ಸಾಕ್ರಿ, ಸಂಜೀತನಕ ಮತ್ತೊಂದು ಕೊಡ ಬರಂಗಿಲ್ಲ" ಎಂದರು ಅವ್ವ. ನನ್ನ ಕ್ರಾಂತಿ ಅಲ್ಲಿಗೆ ಮುಗಿಯಿತು.

ಸಂಘದವರ ಷರತ್ತು ಒಂದೇ: ತಿಂಗಳ ಕೊನೆಗೆ ಹತ್ತು ಮಕ್ಕಳಾದರೂ ಇರಬೇಕು, ಇಲ್ಲವೆಂದರೆ ಶಾಲೆ ಮುಚ್ಚಿ ನಾನು ಊರಿಗೆ ಹೊರಡಬೇಕು. ಮೊದಲ ವಾರ ಮೂವರು ಹುಡುಗರು ಬಂದರು. ಎರಡನೆಯ ವಾರವೂ ಅದೇ ಮೂವರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಒಂದು ಬೆಳಿಗ್ಗೆ ನೇರವಾಗಿ ಸೈಟಿಗೆ ನುಗ್ಗಿ, ಹೆಂಗಸರ ಮುಂದೆ ನಿಂತು, ಮಕ್ಕಳ ಬಾಳು ಹಾಳುಮಾಡುತ್ತಿದ್ದೀರಿ ಎಂದು ಮೈಸೂರು ಕನ್ನಡದಲ್ಲಿ ಭಾಷಣ ಬಿಗಿದೆ. ಅವರು ಕೈಯಲ್ಲಿದ್ದ ಕೆಲಸ ಬಿಡದೆ ಕೇಳಿಸಿಕೊಂಡರು. ಅವ್ವ ಮಾತ್ರ ತಲೆಯ ಮೇಲಿನ ಘಮೇಲಾ ಎಂಬ ಕಬ್ಬಿಣದ ಬಾಣಲಿ ಇಳಿಸಿ, ನನ್ನ ಕೈ ಹಿಡಿದು ಉಸುಕಿನ ರಾಶಿಯ ಹಿಂದಕ್ಕೆ ಕರೆದುಕೊಂಡು ಹೋದರು.

ಅಲ್ಲಿ ಒಂಬತ್ತು ಹುಡುಗಿಯರು ಸಾಲಾಗಿ ಕೂತಿದ್ದರು. ಒಬ್ಬೊಬ್ಬಳ ತೊಡೆಯ ಮೇಲೂ ಒಂದೊಂದು ಕೂಸು. ಕೊನೆಯವಳು ಅವ್ವನ ಮಗಳೇ.

"ಇವರ ಕೈಯಾಗ ಪಾಟಿ ಬಳಪ ಕೊಟ್ರ, ಕೂಸು ಯಾರ ಕೈಯಾಗ ಕೊಡೂಣ್ರಿ ಅಕ್ಕೋರ?"

ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಎರಡು ವಾರ ಅದೇ ಮನೆಯಲ್ಲಿ ಉಂಡಿದ್ದೆ, ಆ ಹುಡುಗಿ ಬೆಳಗಾದರೆ ಎಲ್ಲಿಗೆ ಹೋಗುತ್ತಾಳೆಂದು ಒಮ್ಮೆಯೂ ಕೇಳಿರಲಿಲ್ಲ.

ಮಾರನೆಯ ದಿನ ಅವ್ವ ಮುಕಾದಮನ ಮುಂದೆ ನಿಂತರು. ಕೂಲಿಯವರ ಉಸ್ತುವಾರಿ ಆತನದು. ಗುಲ್ಬರ್ಗಾ ಕಡೆಯ ಸಾಹೇಬ, ಕನ್ನಡ ಬರುತ್ತಿತ್ತು, ಆದರೆ ಸಿಟ್ಟು ಬಂದಾಗ ದಖ್ಖನಿಯೇ. "ನಾವು ಹೆಣ್ಮಕ್ಕಳು ಹನ್ನೊಂದು ಮಂದಿ ಅದೀವಿ. ನಾಳಿಂದ ದಿನಾ ಒಬ್ಬಾಕಿ ಕೂಸುಗೋಳನ್ನ ನೋಡ್ತಾಳ. ಆಕೀ ಪಾಲಿನ ಹೊರಿ ಉಳದ ಹತ್ತು ಮಂದಿ ಹೊರ್ತೀವಿ. ಕೆಲಸ ಕಮ್ಮಿ ಬಿದ್ರ ಆಗ ಕೇಳ್ರಿ."

"ದೇಖೋ ಅವ್ವಾ, ಸ್ಲ್ಯಾಬ್ ಬೀಚ್ ಮೇ ರುಕ್ಯಾ ತೋ ಸ್ಕೂಲ್ ಬಂದ್" ಎಂದ ಆತ. ಕೆಲಸ ನಡುವೆ ನಿಂತರೆ ಶಾಲೆಯೂ ನಿಂತಂತೆ; ಮರುದಿನವೇ ಸ್ಲ್ಯಾಬ್ ಹಾಕುವ ದಿನವಾಗಿತ್ತು.

ಸ್ಲ್ಯಾಬ್ ಶುರುವಾದರೆ ಮುಗಿಯುವವರೆಗೆ ನಿಲ್ಲಿಸುವಂತಿಲ್ಲ. ಕೆಳಗಿನಿಂದ ಎರಡನೆಯ ಮಹಡಿಯವರೆಗೆ ಹೆಂಗಸರು ಸಾಲಾಗಿ ನಿಂತು, ಕಾಂಕ್ರೀಟು ತುಂಬಿದ ಘಮೇಲಾಗಳನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಒಬ್ಬಳು ಕಡಿಮೆಯಾದರೂ ಸಾಲಿನಲ್ಲಿ ಸಂದು ಬೀಳುತ್ತದೆ. ಕೂಸುಗಳ ಹತ್ತಿರ ಮೊದಲು ಯಾರು ಕೂರಬೇಕೆಂದು ಚರ್ಚೆಯೇ ಆಗಲಿಲ್ಲ. ಏಳು ತಿಂಗಳ ಬಸುರಿಯೊಬ್ಬಳಿದ್ದಳು. "ಮೈಯಾಗ ಆರಾಮಿಲ್ಲದಾಕಿ ಮೊದಲು" ಎಂದು ಅವ್ವ ಅವಳನ್ನು ಗೋದಾಮಿನ ನೆರಳಿಗೆ ಕಳಿಸಿದರು. ಅಲ್ಲಿ ಹಳೆ ಸೀರೆಗಳ ಜೋಲಿಗಳು ಸಿದ್ಧವಾಗಿದ್ದವು. ಬಸುರಿ ನಿಲ್ಲಬೇಕಿದ್ದ ಮೆಟ್ಟಿಲ ತಿರುವು ಎಲ್ಲಕ್ಕಿಂತ ಕಷ್ಟದ ಜಾಗ. ಅದನ್ನೂ ತಮ್ಮ ಜಾಗವನ್ನೂ ಅವ್ವ ಒಬ್ಬರೇ ಹಿಡಿದರು.

ಎದುರಿನ ಬೇವಿನ ಮರದಡಿ ನನ್ನ ಮುಂದೆ ಹನ್ನೆರಡು ಮಕ್ಕಳು ಕೂತಿದ್ದರು. ನಿಜ ಹೇಳುತ್ತೇನೆ, ಆ ದಿನ ನಾನು ಪಾಠ ಮಾಡಲಿಲ್ಲ. ಅ ಆ ಬರೆದುಕೊಟ್ಟು ಮೇಲೆ ಅವ್ವನನ್ನು ನೋಡುತ್ತ ನಿಂತೆ. ಕೆಳಗಿನವಳಿಂದ ಘಮೇಲಾ ತೆಗೆದುಕೊಳ್ಳುವುದು, ಮೂರು ಮೆಟ್ಟಿಲು ಏರಿ ತಿರುಗಿ ಮೇಲಿನವಳಿಗೆ ಕೊಡುವುದು, ಖಾಲಿಯದನ್ನು ಹಿಡಿದು ಮತ್ತೆ ಇಳಿಯುವುದು. ಬೆಳಗಿನಿಂದ ಸಂಜೆಯ ನಾಲ್ಕರವರೆಗೆ ಆ ಹೆಂಗಸು ಹೀಗೆ ಹತ್ತಿ ಇಳಿದರು. ಸಾಲು ಒಮ್ಮೆಯೂ ನಿಲ್ಲಲಿಲ್ಲ. ನಾನು ಓದಿದ ಯಾವ ದೊಡ್ಡವರ ಚರಿತ್ರೆಯೂ ನನ್ನನ್ನು ಹಾಗೆ ಬೆರಗಾಗಿಸಿಲ್ಲ. ಸ್ಲ್ಯಾಬ್ ಮುಗಿದಾಗ ಮುಕಾದಮ ಬಸುರಿಗೂ ಎಲ್ಲರ ಜೊತೆ ದಿನದ ಕೂಲಿಯ ಹಾಜರಿ ಹಾಕಿದ. ಆ ಸಂಜೆ ಅವ್ವನಿಗೆ ತಟ್ಟೆ ಎತ್ತಿಕೊಳ್ಳಲು ಬೆರಳು ಮಡಚಲು ಆಗುತ್ತಿರಲಿಲ್ಲ. ನಾನು ರೊಟ್ಟಿ ಮುರಿದು ತಿನ್ನಿಸಿದೆ, ಅವರು ಕೂಸಿನ ಹಾಗೆ ಬಾಯಿ ತೆರೆದರು.

ನಾನು ಒಂದು ವರ್ಷ ಇದ್ದೆ. ಹೊರಡುವ ವಾರ ಲೆಕ್ಕ ಹಾಕಿದರೆ, ನೆರಳಲ್ಲಿ ಕೂರುವ ಸರದಿ ಅವ್ವನಿಗೆ ಒಮ್ಮೆಯೂ ಬಂದಿರಲಿಲ್ಲ. ಕೇಳಿದ್ದಕ್ಕೆ, "ನನ್ನ ಪಾಳಿ ಬಂದಾಗೆಲ್ಲ ಯಾರಿಗರೆ ಜ್ವರ ಬಂದಿರ್ತಿತ್ತರಿ, ನಾ ಏನ್ ಮಾಡ್ಲಿ" ಎಂದರು, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ.

ನಾಲ್ಕು ವರ್ಷದ ನಂತರ ಮೈಸೂರಿಗೆ ಅವ್ವನ ಮಗಳ ಒಂದು ಕಾರ್ಡು ಬಂತು. ದಪ್ಪ ಅಕ್ಷರ, ಸಾಲುಗಳು ಮೇಲಕ್ಕೂ ಕೆಳಕ್ಕೂ ಓಡಿದ್ದವು. "ಅಕ್ಕೋರಿಗೆ ನಮಸ್ಕಾರ. ಹ್ವಾದ ಸೋಮವಾರ ಅವ್ವ ತೀರಿಕೊಂಡಳು. ಈ ಕಾರ್ಡು ನಾನೇ ಬರದೀನಿ, ಯಾರ ಕೈಲೂ ಬರಸಿಲ್ಲ."

ಮೊದಲ ಸುದ್ದಿಗೆ ಕುಸಿದು ಕೂತೆ. ಎರಡನೆಯದಕ್ಕೆ ಗೊಳೋ ಎಂದು ಅತ್ತೆ.